ವಿದ್ಯೆ, ಜನಾಂಗ, ವೋಟು: ಬೂತ್ ಲೆಕ್ಕದಿಂದ ಎಷ್ಟು ಹೇಳಬಹುದು?

ಗೋಣಿಕೊಪ್ಪ_ಎಂಎ:

ನಮಸ್ಕಾರ. ರಾಜ್ಯಶಾಸ್ತ್ರದ ಕಿರುಪ್ರಬಂಧಕ್ಕೆ ಕೊಡಗಿನ ವಿರಾಜಪೇಟೆ ವಿಧಾನಸಭಾ ಕ್ಷೇತ್ರದ 2018 ಮತ್ತು 2023ರ ಬೂತ್‌ವಾರು ಮತಗಳನ್ನು ತೆಗೆದುಕೊಂಡು, ಪ್ರತಿ ಬೂತಿನ ಸಾಕ್ಷರತೆ ಮತ್ತು ಜನಾಂಗದ ಪಾಲಿನ ಪಕ್ಕದಲ್ಲಿಟ್ಟು ನೋಡುವ ಯೋಚನೆ ಇದೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಫಲಿತಾಂಶ ಬಂದ ಸಂಜೆಗೇ ವಾಟ್ಸಾಪಿನಲ್ಲಿ "ಓದಿದವರ ಬೂತು ಇಂಥವರಿಗೆ, ಲೈನ್ ಮನೆ ಬೂತು ಅಂಥವರಿಗೆ" ಎಂಬ ಪಟ್ಟಿ ಹರಿದಾಡುತ್ತದೆ (ಲೈನ್ ಮನೆ ಎಂದರೆ ತೋಟದ ಕೆಲಸಗಾರರ ಸಾಲುಮನೆ). ಅದರ ಬಾಲಕ್ಕೆ "ಬುದ್ಧಿ ಇದ್ದವರು ಯಾರ ಕಡೆ ನೋಡಿ" ಎಂಬ ಒಗ್ಗರಣೆ ಬೇರೆ.

ಇಂಥ ಹೋಲಿಕೆ ಅಂಕಿಅಂಶದ ಲೆಕ್ಕದಲ್ಲಿ ನಿಲ್ಲುತ್ತದೆಯೇ? ಸಾಕ್ಷರತೆ, ಜನಾಂಗದ ವಿವರ ಬೂತ್ ಮಟ್ಟದಲ್ಲಿ ಎಲ್ಲಿ ಸಿಗುತ್ತದೆ? ಇನ್ನೊಂದು, "ಇವರು ಬುದ್ಧಿವಂತರು, ಅವರು ದಡ್ಡರು" ಎಂದು ಜನ ಅಂದುಕೊಳ್ಳುವುದನ್ನು ಅಳೆಯುವ ಕ್ರಮ ಇದೆಯೇ? ಐಕ್ಯೂ (ಬುದ್ಧಿಮತ್ತೆ) ಪರೀಕ್ಷೆ ಮಾಡಿಸಿ ಜೊತೆಗೆ ಸೇರಿಸು ಎಂಬ ಸಲಹೆಯೂ ಬಂದಿದೆ.


ಪಾರ್ಟ್_ನಂಬರ್:

ಮೊದಲು ಕೈಯಲ್ಲಿ ಸಾಮಾನು ಏನಿದೆ ನೋಡಿ. ಬೂತ್‌ವಾರು ಮತ ಸಿಗುವುದು ಫಾರಂ 20 ಎಂಬ ಅಧಿಕೃತ ಫಲಿತಾಂಶ ಪಟ್ಟಿಯಲ್ಲಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಕ್ಷೇತ್ರದ ಸಂಖ್ಯೆಯ ಕೆಳಗೆ ಇರುತ್ತದೆ. ಮಡಿಕೇರಿ 208, ವಿರಾಜಪೇಟೆ 209. ಪ್ರತಿ ಸಾಲಿಗೆ ಒಂದು ಮತಗಟ್ಟೆ, ಅಭ್ಯರ್ಥಿವಾರು ಮತ, ನೋಟಾ. ಕೊನೆಯಲ್ಲಿ ಅಂಚೆ ಮತದ ಒಂದೇ ಒಂದು ಸಾಲು. ಕೊಡಗಿನಲ್ಲಿ ಎಲ್ಲರೂ ಮರೆಯುವುದು ಆ ಸಾಲನ್ನೇ. ಸೇನೆಯಲ್ಲಿರುವವರ ವೋಟು ಅಂಚೆಯಲ್ಲಿ ಬರುತ್ತದೆ, ಯಾವ ಬೂತಿಗೂ ಸೇರುವುದಿಲ್ಲ. ಹಾಗಾಗಿ "ಸೈನಿಕರ ಊರು ಹೀಗೆ ಹಾಕಿತು" ಎಂದು ಬೂತ್ ನೋಡಿ ಹೇಳುವವರು ಸೈನಿಕರನ್ನೇ ಹೊರಗಿಟ್ಟು ಮಾತಾಡುತ್ತಿರುತ್ತಾರೆ. ಅಲ್ಲಿ ಕಾಣುವುದು ಊರಲ್ಲಿ ಉಳಿದವರ ವೋಟು.

ಸಾಕ್ಷರತೆಗೆ 2011ರ ಜನಗಣತಿಯ ಗ್ರಾಮವಾರು ಪಟ್ಟಿ ಇದೆ. ಅದರಲ್ಲಿ ಒಟ್ಟು ಜನ, 0–6 ವಯಸ್ಸಿನ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಕ್ಷರರು ಸಿಗುತ್ತಾರೆ. ಭಾಗಿಸುವಾಗ 0–6ರ ಮಕ್ಕಳನ್ನು ಕಳೆಯಲೇಬೇಕು. ಉದಾಹರಣೆಗೆ ಒಂದು ಗ್ರಾಮದಲ್ಲಿ 1,840 ಜನ, ಅದರಲ್ಲಿ 190 ಚಿಕ್ಕ ಮಕ್ಕಳು, 1,287 ಸಾಕ್ಷರರು ಎಂದಿಟ್ಟುಕೊಳ್ಳಿ. 1,287ನ್ನು 1,650ರಿಂದ ಭಾಗಿಸಿದರೆ ಶೇ. 78. ಮಕ್ಕಳನ್ನು ಕಳೆಯದೆ ಭಾಗಿಸಿದರೆ ಶೇ. 70. ಮಕ್ಕಳು ಜಾಸ್ತಿ ಇರುವ ಹಾಡಿಗಳ (ಬುಡಕಟ್ಟಿನವರ ವಸತಿಗಳ) ಗ್ರಾಮಗಳಿಗೇ ಈ ತಪ್ಪಿನ ಪೆಟ್ಟು ಹೆಚ್ಚು ಬೀಳುತ್ತದೆ. ಜಿಲ್ಲೆಯ ಸರಾಸರಿ 2011ರಲ್ಲಿ ಶೇ. 82.6, ರಾಜ್ಯದ್ದು ಶೇ. 75.4.

ಇನ್ನು ಹೊಂದದೇ ಇರುವ ಕೀಲುಗಳು. ಏಳು ವರ್ಷ ದಾಟಿದ ಮಗು ಅಕ್ಷರ ಬಲ್ಲದಾದರೆ ಗಣತಿಯಲ್ಲಿ ಸಾಕ್ಷರ, ಆದರೆ ಅದಕ್ಕೆ ವೋಟಿಲ್ಲ. ಹಾಸ್ಟೆಲ್ ಮಕ್ಕಳನ್ನು ಹಾಸ್ಟೆಲ್ ಇರುವ ಊರಲ್ಲೇ ಎಣಿಸುತ್ತಾರೆ. ಹಾಗಾಗಿ ಸೈನಿಕ ಶಾಲೆ ಇರುವ ಕೂಡಿಗೆ, ನವೋದಯ ಇರುವ ಗಾಳಿಬೀಡು, ಇಂಥ ಕಡೆ ಸಾಕ್ಷರತೆ ಇದ್ದುದಕ್ಕಿಂತ ಮೇಲೆ ಕಾಣುತ್ತದೆ. ತೋಟದ ಲೈನಿನಲ್ಲಿರುವ ಅಸ್ಸಾಮಿನ ಕೆಲಸಗಾರ ಗಣತಿಯ ದಿನ ಇಲ್ಲಿದ್ದರೆ ಇಲ್ಲಿಯ ಜನ. ವೋಟು ಮಾತ್ರ ಸಾಮಾನ್ಯವಾಗಿ ಅವನ ಊರಲ್ಲೇ ಉಳಿದಿರುತ್ತದೆ. ಒಂದು ಗ್ರಾಮಕ್ಕೆ ಎರಡು ಮೂರು ಬೂತಿದ್ದರೆ ಸಾಕ್ಷರತೆಯನ್ನು ಒಡೆಯಲು ದಾರಿಯೇ ಇಲ್ಲ. ಬೂತ್‌ಗಳನ್ನು ಕೂಡಿಸಿ ಗ್ರಾಮ ಮಾಡಿಕೊಳ್ಳಿ. ಗಣತಿ ಆಗಿದ್ದು ಮೂರು ತಾಲೂಕಿನ ಕಾಲದಲ್ಲಿ, ಪೊನ್ನಂಪೇಟೆ, ಕುಶಾಲನಗರ ಆಮೇಲೆ ಬಂದವು. ವಿಧಾನಸಭೆಗಂತೂ ಮಡಿಕೇರಿ ತಾಲೂಕು ಎರಡು ಕ್ಷೇತ್ರಕ್ಕೂ ಹಂಚಿಹೋಗಿದೆ.

2008ಕ್ಕಿಂತ ಹಿಂದಕ್ಕೆ ಹೋಗುವ ಆಸೆ ಬೇಡ. ಆಗ ಸೋಮವಾರಪೇಟೆ ಬೇರೆ ಕ್ಷೇತ್ರ, ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಭ್ಯರ್ಥಿಗಳ ಸಮುದಾಯವೇ ಬೇರೆಯಾದ ಮೇಲೆ ಹೋಲಿಕೆಗೆ ಅರ್ಥ ಇರುವುದಿಲ್ಲ.

ಜನಾಂಗ? ಮತದಾರರ ಪಟ್ಟಿಯಲ್ಲಿ ಜಾತಿಯೂ ಇಲ್ಲ, ವಿದ್ಯೆಯೂ ಇಲ್ಲ. ಗಣತಿಯಲ್ಲಿ ಗ್ರಾಮ ಮಟ್ಟಕ್ಕೆ ಸಿಗುವುದು ಪರಿಶಿಷ್ಟರ ಸಂಖ್ಯೆ ಮಾತ್ರ, ಅದೂ ಯರವ, ಜೇನುಕುರುಬ, ಬೆಟ್ಟಕುರುಬ ಎಲ್ಲ ಒಂದೇ ಗೂಟಕ್ಕೆ. ಉಳಿದಂತೆ ಓಡಾಡುವ "ಬೂತ್‌ವಾರು ಜನಾಂಗ ಪಟ್ಟಿ" ಎಲ್ಲವೂ ಪಕ್ಷದ ಏಜೆಂಟರು ಹೆಸರು ನೋಡಿ ಅಂದಾಜಿಗೆ ಬರೆದದ್ದು.

ಭಾಷೆಯನ್ನು ಜನಾಂಗದ ಬದಲಿಗೆ ಹಿಡಿಯುವುದೂ ಅಪಾಯ. ಕೊಡವ ತಕ್ಕ್ ಮಾತೃಭಾಷೆ ಎಂದು ಬರೆಸಿದವರು 2001ರಲ್ಲಿ 1,66,187, 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಅರ್ಧ ಲಕ್ಷ ಜನ ಎಲ್ಲಿಗೂ ಮಾಯವಾಗಿಲ್ಲ. ಕಾಲಮಿನಲ್ಲಿ ಬಿದ್ದ ಹೆಸರು ಬದಲಾಗಿರಬೇಕು. ಮೇಲಾಗಿ ಐರಿ, ಹೆಗ್ಗಡೆ, ಕೆಂಬಟ್ಟಿ, ಅಮ್ಮಕೊಡವ ಹೀಗೆ ಕೊಡವರಲ್ಲದ ಎಷ್ಟೋ ಮನೆಗಳ ಮಾತೂ ಅದೇ.


ಸರಾಸರಿ_ಸಾಕು:

ಮೇಲಿನವರು ಹೇಳಿದ್ದೆಲ್ಲ ಸರಿಮಾಡಿಕೊಂಡರೂ ಮೂಲ ತೊಡಕು ಉಳಿಯುತ್ತದೆ. ಬೂತಿನ ಲೆಕ್ಕ ಗುಂಪಿನದು, ನೀವು ಹೇಳಹೊರಟಿದ್ದು ಒಬ್ಬೊಬ್ಬನ ವೋಟಿನ ವಿಷಯ. ಇದಕ್ಕೆ ಶಾಸ್ತ್ರೀಯ ಉದಾಹರಣೆ ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ಕೊಟ್ಟದ್ದು, ಅದೂ ವಿದ್ಯೆ ಮತ್ತು ಜನಾಂಗದ ಬಗ್ಗೆಯೇ. ಅಮೆರಿಕದ 1930ರ ಗಣತಿಯಲ್ಲಿ ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ; ರಾಜ್ಯಗಳ ಮಟ್ಟದಲ್ಲಿ ಸಹಸಂಬಂಧ (ಎರಡು ಅಂಕಿ ಒಟ್ಟಿಗೆ ಏರಿಳಿಯುವ ಅಳತೆ, −1ರಿಂದ +1ರವರೆಗೆ) ಸುಮಾರು −0.53. ವ್ಯಕ್ತಿಗಳ ಮಟ್ಟದಲ್ಲಿ ನೋಡಿದರೆ +0.12, ಅಂದರೆ ವಲಸಿಗರಲ್ಲೇ ಅನಕ್ಷರತೆ ತುಸು ಹೆಚ್ಚು. ಚಿಹ್ನೆಯೇ ತಿರುಗಿಬಿತ್ತು. ವಲಸಿಗರು ಹೋಗಿ ನೆಲೆಸಿದ್ದು ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಲ್ಲಿ, ಅಷ್ಟೇ ಗುಟ್ಟು. ಕಾಫಿ ತೋಟದ ಊರಿಗೆ ಇದನ್ನು ಹಚ್ಚಿ ನೋಡಿ. ಸಾಹುಕಾರರ ಬಂಗಲೆಯೂ ಲೈನ್ ಮನೆಯೂ ಒಂದೇ ಬೂತು.

ಪೆನ್ನು ಹಿಡಿದು ಮಾಡಬಹುದಾದ ಒಂದು ಲೆಕ್ಕ ಕೊಡುತ್ತೇನೆ. ಕಲ್ಪಿತ ಬೂತು: 800 ವೋಟು ಬಿದ್ದಿದೆ, ಹಾಡಿಯವರದು 240, ಉಳಿದವರದು 560. ಒಬ್ಬ ಅಭ್ಯರ್ಥಿಗೆ 500 ಬಂತು. ಹಾಡಿಯವರು ಅವನಿಗೆ ಎಷ್ಟು ಹಾಕಿದರು? ಆ 500 ಪೂರ್ತಿ ಉಳಿದವರಿಂದಲೇ ಬಂದಿರಬಹುದು, ಆಗ ಹಾಡಿಯಿಂದ ಸೊನ್ನೆ. ಅಥವಾ ಹಾಡಿಯ 240 ಪೂರ್ತಿ ಬಿದ್ದು ಉಳಿದವರಿಂದ 260 ಬಂದಿರಬಹುದು. ಉತ್ತರ 0ಯಿಂದ 100ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಆ ಬೂತು ನಿಮಗೆ ಏನನ್ನೂ ಹೇಳಲಿಲ್ಲ.

ಈಗ ಅದೇ 800ರಲ್ಲಿ ಹಾಡಿಯವರು 720, ಉಳಿದವರು 80 ಇರಲಿ. ಉಳಿದವರೆಲ್ಲ ಅವನಿಗೇ ಹಾಕಿದ್ದರೂ ಹಾಡಿಯಿಂದ 420 ಬಂದಿರಲೇಬೇಕು, ಅಂದರೆ ಶೇ. 58. ಉಳಿದವರು ಒಬ್ಬರೂ ಹಾಕದಿದ್ದರೆ 500, ಅಂದರೆ ಶೇ. 69. ಈ ಬೂತು ಮಾತಾಡುತ್ತದೆ. ಪ್ರತಿ ಬೂತಿಗೂ ಹೀಗೆ ಕೆಳಮಿತಿ, ಮೇಲ್ಮಿತಿ ಬರೆದುಕೊಳ್ಳಿ. ಎಕ್ಸೆಲ್‌ನಲ್ಲಿ ಎರಡು ಕಾಲಮು ಸಾಕು. ಎರಡು ಮಿತಿಗಳ ಅಂತರ ಹದಿನೈದು ಪಾಯಿಂಟಿಗಿಂತ ಅಗಲವಾದ ಸಾಲುಗಳನ್ನು ಬೇರೆ ಹಾಳೆಗೆ ಸರಿಸಿದ ಮೇಲೆ ಎಷ್ಟು ಉಳಿಯುತ್ತವೆ ಎಂದು ನೋಡಿ, ಆಮೇಲೆ ಪ್ರಬಂಧದ ಶೀರ್ಷಿಕೆ ಇಡಿ. ಉಳಿದ ಆ ಕೆಲವೂ ಒಂದೇ ಸಮುದಾಯದ ಒತ್ತಟ್ಟಿನ ಊರುಗಳು; ಅಲ್ಲಿಯ ರೀತಿಯನ್ನು ಬಂಗಲೆ ಪಕ್ಕದ ಲೈನಿನಲ್ಲಿ ಚದುರಿ ಇರುವ ಕುಟುಂಬಗಳಿಗೆ ಅಂಟಿಸಲು ಬರುವುದಿಲ್ಲ.

ಸಾಲುಗಳ ಮೇಲೆ ನೇರ ರಿಗ್ರೆಶನ್ (ಅಂಕಿಗಳ ನಡುವೆ ಒಂದು ಸರಳರೇಖೆ ಹೊಂದಿಸುವ ಲೆಕ್ಕ) ಹಾಕಿದರೆ ಕೆಲವೊಮ್ಮೆ "ಸಾಕ್ಷರರಲ್ಲಿ ಶೇ. 112 ಇವನಿಗೆ" ಎಂಬಂಥ ಉತ್ತರ ಬರುತ್ತದೆ. ನಗಬೇಡಿ, ಸಂಬಂಧ ನೇರ ಗೆರೆಯಲ್ಲಿಲ್ಲ ಎಂದು ಕಂಪ್ಯೂಟರ್ ಹೇಳುತ್ತಿರುವ ರೀತಿ ಅದು.


ಕರಿಮೆಣಸು:

ಇಷ್ಟೆಲ್ಲ ಗಣಿತ ಯಾಕೆ ಅಣ್ಣ? ಓದಿದವನು ನಾಲ್ಕು ಪೇಪರ್ ನೋಡಿ ಯೋಚಿಸಿ ಹಾಕ್ತಾನೆ, ಓದದವನು ಮೇಸ್ತ್ರಿ ಹೇಳಿದ ಗುಂಡಿ ಒತ್ತುತ್ತಾನೆ. ಕಣ್ಣಿಗೆ ಕಾಣೋದಕ್ಕೆ ಸಂಶೋಧನೆ ಬೇಕಾ? ಕನಿಷ್ಠ ಹತ್ತನೇ ಕ್ಲಾಸ್ ಆದವರಿಗೆ ಮಾತ್ರ ವೋಟು ಅಂತ ಮಾಡಿದರೆ ಅರ್ಧ ತಲೆನೋವು ಹೋಗುತ್ತೆ.


ತಕ್ಕಡಿ_52:

ಕರಿಮೆಣಸು ಅವರೇ, ಕಣ್ಣಿಗೆ ಕಾಣುವುದನ್ನೇ ಪರೀಕ್ಷಿಸೋಣ. ಕೊಡಗಿನ ಎರಡೂ ಸ್ಥಾನ 2008, 2013, 2018 ಮೂರು ಸಲವೂ ಬಿಜೆಪಿಗೆ ಹೋದವು. 2023ರಲ್ಲಿ ಎರಡೂ ಕಾಂಗ್ರೆಸ್ಸಿಗೆ ಬಂದವು, ಎರಡು ಕಡೆಯೂ ಅಂತರ ಐದು ಸಾವಿರದೊಳಗೆ. ಐದು ವರ್ಷದಲ್ಲಿ ಜಿಲ್ಲೆಯ ಸಾಕ್ಷರತೆ ಕುಸಿದಿಲ್ಲ, ಏರಿದ್ದೂ ಅಷ್ಟರಲ್ಲೇ. ಜನಾಂಗಗಳ ಪಾಲು ಹೆಚ್ಚುಕಡಿಮೆ ಹಾಗೇ ಇದೆ. ಬದಲಾಗದ ಕಾರಣದಿಂದ ಬದಲಾದ ಫಲ ಹುಟ್ಟುವುದು ಹೇಗೆ? 2018ರ ಪಟ್ಟಿ ತೋರಿಸಿ "ಬುದ್ಧಿವಂತ ಜಿಲ್ಲೆ" ಎಂದವರೂ 2023ರದು ತೋರಿಸಿ ಅದನ್ನೇ ಅಂದವರೂ ಸಿಗುತ್ತಾರೆ, ಪಕ್ಷ ಮಾತ್ರ ಬೇರೆ ಬೇರೆ.

ಜನಾಂಗ ಒಂದೇ ಆದರೆ ವೋಟು ಒಂದೇ ಎಂಬುದಕ್ಕೆ ಇನ್ನೂ ಹಳೆಯ ಉತ್ತರ ಇದೆ. ಕೊಡಗು ರಾಜ್ಯವಾಗಿದ್ದಾಗ ನಡೆದ 1952ರ ಚುನಾವಣೆಯಲ್ಲಿ 24 ಸ್ಥಾನ. ಕಾಂಗ್ರೆಸ್ಸಿಗೆ 15, ಮೈಸೂರಿನ ಜೊತೆ ವಿಲೀನ ಬೇಡ ಎಂದ ತಕ್ಕಡಿ ಗುರುತಿನವರಿಗೆ 9. ಕಾಂಗ್ರೆಸ್ ಕಡೆ ಸಿ.ಎಂ. ಪೂಣಚ್ಚ, ತಕ್ಕಡಿ ಕಡೆ ಪಂದ್ಯಂಡ ಬೆಳ್ಯಪ್ಪ. ಇಬ್ಬರೂ ಕೊಡವರು, ಇಬ್ಬರೂ ಸ್ವಾತಂತ್ರ್ಯ ಹೋರಾಟದಿಂದ ಬಂದವರು. ಸೀಳು ಬಿದ್ದದ್ದು ಓದಿದವರ ನಡುವೆಯೇ.

ಹೊರಗಿನದು ನೋಡಿದರೆ ಅಮೆರಿಕ ಕಣ್ಣಿಗೆ ಹೊಡೆಯುತ್ತದೆ. 2016ರಲ್ಲಿ ನಿಜವಾಗಿ ವೋಟು ಹಾಕಿದ್ದಾರೆಂದು ದಾಖಲೆಯಿಂದ ತಾಳೆ ನೋಡಿದವರ ಬಗ್ಗೆ ಪ್ಯೂ ಸಂಶೋಧನಾ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ಪದವಿ ಇಲ್ಲದ ಬಿಳಿಯರಲ್ಲಿ ಟ್ರಂಪ್‌ಗೆ ಶೇ. 64, ಕ್ಲಿಂಟನ್‌ಗೆ 28. ಪದವೀಧರ ಬಿಳಿಯರಲ್ಲಿ ಕ್ಲಿಂಟನ್‌ಗೆ 55, ಟ್ರಂಪ್‌ಗೆ 38. ಕಪ್ಪು ಜನರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕ್ಲಿಂಟನ್ ಕಡೆ, ಅಲ್ಲಿ ಪದವಿ ಅಂಥ ಗೆರೆ ಎಳೆಯಲೇ ಇಲ್ಲ. ಒಂದು ಜನಾಂಗದಲ್ಲಿ ವಿದ್ಯೆ ವೋಟನ್ನು ಸೀಳುತ್ತದೆ, ಇನ್ನೊಂದರಲ್ಲಿ ಮುಟ್ಟುವುದೇ ಇಲ್ಲ. ಇನ್ನೂ ಮುಖ್ಯವಾದದ್ದು, 2012ರಲ್ಲಿ ಇದೇ ಪದವೀಧರ ಬಿಳಿಯರಲ್ಲಿ ರಿಪಬ್ಲಿಕನ್ ರಾಮ್ನಿ ಮುಂದಿದ್ದರು. ಅರ್ಥಶಾಸ್ತ್ರಜ್ಞ ಪಿಕೆಟ್ಟಿ ಫ್ರಾನ್ಸ್, ಬ್ರಿಟನ್, ಅಮೆರಿಕ ಮೂರರಲ್ಲೂ ತೋರಿಸಿದ್ದು ಇದನ್ನೇ: 1950–60ರ ದಶಕದಲ್ಲಿ ಎಡಪಕ್ಷಗಳಿಗೆ ಕಡಿಮೆ ಓದಿದವರ ವೋಟು, ಈಗ ಹೆಚ್ಚು ಓದಿದವರದು. ವಿದ್ಯೆಗೆ ಇಂಥದೇ ಪಕ್ಷ ಎಂಬುದು ಹುಟ್ಟಿನಿಂದ ಬಂದದ್ದಲ್ಲ. ಭಾರತದ ಬಗ್ಗೆ ಅವರೇ ಬ್ಯಾನರ್ಜಿ, ಗೆತಿನ್ ಜೊತೆ ಸೇರಿ 1962ರಿಂದ 2014ರವರೆಗಿನ ಸಮೀಕ್ಷೆಗಳನ್ನು ನೋಡಿದ್ದಾರೆ. ಜಾತಿ, ಧರ್ಮ ಲೆಕ್ಕಕ್ಕೆ ಹಿಡಿದ ಮೇಲೆ ಆದಾಯ, ವಿದ್ಯೆಗಳ ಪಾಲು ಇಲ್ಲಿ ತೆಳುವಾಗುತ್ತ ಬಂದಿದೆ.

ಮೇಸ್ತ್ರಿ ಹೇಳಿದ ಗುಂಡಿ ಅಂದಿರಲ್ಲ, ಅದು ದಡ್ಡತನದ ಲೆಕ್ಕಕ್ಕೆ ಬರುವುದಿಲ್ಲ, ಒತ್ತಡದ ಲೆಕ್ಕ ಅದು. ಬೂತ್‌ವಾರು ಫಲಿತಾಂಶ ಬಯಲಾದರೆ ಚಿಕ್ಕ ಹಾಡಿಯ ವೋಟು ಎತ್ತ ಹೋಯಿತೆಂದು ಮರುದಿನವೇ ಗೊತ್ತಾಗುತ್ತದೆ. ಲೈನ್ ಮನೆ ಯಾರದು ಎಂಬುದೂ ಅವರಿಗೆ ಗೊತ್ತು. ಕಾಗದದ ಮತಪತ್ರ ಇದ್ದಾಗ ಬೂತ್‌ಗಳ ಮತ ಬೆರೆಸಿ ಎಣಿಸಲು ನಿಯಮ 59-ಎ ಇತ್ತು. ಯಂತ್ರಕ್ಕೆ ಅದೇ ಕೆಲಸ ಮಾಡುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಬರಲಿಲ್ಲ.

ಹತ್ತನೇ ಕ್ಲಾಸಿನ ಮಾತು: ವಯಸ್ಕರೆಲ್ಲರಿಗೂ ವೋಟು ಎನ್ನುವ ಸಂವಿಧಾನದ 326ನೇ ವಿಧಿ ಅದಕ್ಕೆ ಅಡ್ಡ ಇದೆ. ಪಂಚಾಯಿತಿಗೆ ಸ್ಪರ್ಧಿಸಲು ವಿದ್ಯೆಯ ಷರತ್ತು ಹರಿಯಾಣದಲ್ಲಿ ಬಂತು, 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು ಕೂಡ. ರಾಜಸ್ಥಾನ ಅಂಥದೇ ಷರತ್ತನ್ನು 2019ರಲ್ಲಿ ತೆಗೆದುಹಾಕಿತು. ಅಮೆರಿಕದ ದಕ್ಷಿಣ ರಾಜ್ಯಗಳು ಓದುಬರಹದ ಪರೀಕ್ಷೆ ಇಟ್ಟು ಕಪ್ಪು ಜನರನ್ನು ಮತಗಟ್ಟೆಯಿಂದ ಹೊರಗಿಟ್ಟದ್ದನ್ನು ನಿಲ್ಲಿಸಲು 1965ರ ಮತದಾನ ಹಕ್ಕು ಕಾಯ್ದೆ ಬೇಕಾಯಿತು. ಇನ್ನು ಓದಿದವರು ಯೋಚಿಸಿ ಹಾಕುತ್ತಾರೋ ಇಲ್ಲವೋ, ಮೊದಲು ಬಂದು ಹಾಕಲಿ: 2023ರಲ್ಲಿ ರಾಜ್ಯದಲ್ಲಿ ಶೇ. 73 ಮತದಾನ, ಬೆಂಗಳೂರು ನಗರದಲ್ಲಿ 55ರ ಆಸುಪಾಸು.


ಮನಶ್ಶಾಸ್ತ್ರ_ಮೇಡಂ:

ಬುದ್ಧಿಯ ಭಾಗಕ್ಕೆ ಬರುತ್ತೇನೆ. ಐಕ್ಯೂ ಸಲಹೆಯನ್ನು ದಯವಿಟ್ಟು ಬಿಡಿ. ಕನ್ನಡದಲ್ಲಿ ಹೆಚ್ಚು ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆ 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಇಪ್ಪತ್ತನೇ ಶತಮಾನದಲ್ಲಿ ಬಹಳ ದೇಶಗಳಲ್ಲಿ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರಿದವು, ಹಾಗಾಗಿ ಹಳೆಯ ಮಾನದಲ್ಲಿ ಅಳೆದರೆ ಅಂಕ ಉಬ್ಬುತ್ತದೆ. ಅದರ ಮೇಲೆ, ಶಾಲೆಯ ಒಂದೊಂದು ಹೆಚ್ಚುವರಿ ವರ್ಷ ಐಕ್ಯೂ ಅಂಕವನ್ನು 1ರಿಂದ 5ರಷ್ಟು ಏರಿಸುತ್ತದೆ ಎಂದು ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದ 2018ರ ಅಧ್ಯಯನ ಹೇಳುತ್ತದೆ. ನೀವು ವಿದ್ಯೆ ಒಂದು ಕಾಲಮು, ಬುದ್ಧಿ ಇನ್ನೊಂದು ಕಾಲಮು ಎಂದುಕೊಂಡು ಒಂದನ್ನೇ ಎರಡು ಸಲ ಬರೆದಿರುತ್ತೀರಿ. ಮನೆಮಾತು ರಾವುಳವಾಗಿರುವ ಯರವರ ಮಗುವಿಗೆ ಕನ್ನಡದ ಶಬ್ದಾರ್ಥ ಕೇಳಿ ಸಿಕ್ಕಿದ ಅಂಕ ಕನ್ನಡದ ಅಂಕ, ಬುದ್ಧಿಯದಲ್ಲ.

ಜನ ಯಾರನ್ನು ಬುದ್ಧಿವಂತರೆಂದು ಎಣಿಸುತ್ತಾರೆ ಎಂಬುದನ್ನು ಮಾತ್ರ ಚೊಕ್ಕವಾಗಿ ಅಳೆಯಬಹುದು. ಹನ್ನಾ ಮತ್ತು ಲಿಂಡೆನ್ ಭಾರತದಲ್ಲಿ ಮಾಡಿದ ಕ್ರಮ: ಉತ್ತರಪತ್ರಿಕೆಗಳ ಮುಖಪುಟದಲ್ಲಿ ಜಾತಿ, ಲಿಂಗ, ವಯಸ್ಸನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಬರೆದು ಶಿಕ್ಷಕರಿಂದ ತಿದ್ದಿಸಿದರು. ಕೆಳಜಾತಿ ಎಂದು ಬರೆದ ಪತ್ರಿಕೆಗೆ 0.03ರಿಂದ 0.08 ಮಾನಕ ವಿಚಲನೆಯಷ್ಟು (ಅಂಕಗಳು ಎಷ್ಟು ಚದುರಿವೆ ಎಂಬುದರ ಅಳತೆ) ಕಡಿಮೆ ಬಿತ್ತು. ಚಿಕ್ಕದು, ಆದರೆ ಪತ್ರಿಕೆಗೂ ಆ ಹೆಸರಿಗೂ ಸಂಬಂಧವೇ ಇಲ್ಲದಿರುವಾಗ ಅದು ಸೊನ್ನೆ ಆಗಬೇಕಿತ್ತು. ಹಾಫ್ ಮತ್ತು ಪಾಂಡೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರಿಗೆ ಕಾಗದದ ಚಕ್ರವ್ಯೂಹ ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ಇಬ್ಬರೂ ಸಮ. ಎಲ್ಲರೆದುರು ಹೆಸರಿನ ಜೊತೆ ಜಾತಿ ಕೂಗಿದ ಮೇಲೆ ಅಂತರ ಎದ್ದಿತು.

ಕೊಡಗಿನಲ್ಲಿ ಇದನ್ನು ಮಾಡುವುದಾದರೆ ಮನೆಹೆಸರು ಕೆಲಸಕ್ಕೆ ಬರುತ್ತದೆ. -ಂಡ, -ಇರ ಎಂದು ಕೊನೆಯಾಗುವ ಮನೆಹೆಸರು ಕಂಡ ಕೂಡಲೇ ಇಲ್ಲಿಯವರು ಸಾಮಾನ್ಯವಾಗಿ ಕೊಡವರೆಂದೇ ಅಂದುಕೊಳ್ಳುತ್ತಾರೆ. ಒಂದೇ ಬಗೆಯ ಹತ್ತು ಸಾಲಿನ ಅಭಿಪ್ರಾಯ ಬರೆಯಿರಿ, ಉದಾಹರಣೆಗೆ ಕಾಡಾನೆ ತಡೆಗೆ ರೈಲು ಕಂಬಿಯ ಬೇಲಿ ಬೇಕೋ ಬೇಡವೋ ಎಂಬ ಬಗ್ಗೆ. ಮೇಲಿನ ಹೆಸರು ಮತ್ತು ಓದು ಮಾತ್ರ ಬದಲಿಸಿ. ಎರಡು ಜನಾಂಗ, ಎರಡು ವಿದ್ಯೆ: ನಾಲ್ಕು ಬಗೆಯ ಚೀಟಿ, ಪ್ರತಿಯೊಂದಕ್ಕೂ ಕನಿಷ್ಠ 100 ಓದುಗರು. "ಬರೆದವರು ಎಷ್ಟು ತಿಳಿದವರು" ಎಂದು 1ರಿಂದ 7ರ ಅಂಕ ಕೇಳಿ. ಒಬ್ಬರಿಗೆ ಒಂದೇ ಚೀಟಿ. ಎರಡು ಕೊಟ್ಟರೆ ಗುಟ್ಟು ಬಯಲು, ಎಲ್ಲರೂ ಸಮಾನವಾಗಿ ಅಂಕ ಹಾಕಿ ಒಳ್ಳೆಯವರಾಗಿಬಿಡುತ್ತಾರೆ. ಸಾಮಾನ್ಯವಾಗಿ ಕೆಡುವುದು ಅಲ್ಲೇ. ನಿಜವಾದ ಕುಟುಂಬದ ಮನೆಹೆಸರು ಹಾಕಬೇಡಿ, ಅದೇ ಧಾಟಿಯದು ಕಟ್ಟಿ. ಇಲ್ಲವಾದರೆ ಓದಿದವರು ಆ ಕುಟುಂಬಕ್ಕೇ ಅಂಕ ಹಾಕುತ್ತಾರೆ.


ಗೋಣಿಕೊಪ್ಪ_ಎಂಎ:

ಎಲ್ಲರಿಗೂ ಧನ್ಯವಾದ. ಐಕ್ಯೂ ಕೈಬಿಟ್ಟೆ. ಬೂತ್ ಲೆಕ್ಕ ಹಿನ್ನೆಲೆಗೆ ಇಟ್ಟುಕೊಂಡು 400 ಜನರ ಮನೆಮನೆ ಸಮೀಕ್ಷೆ ಮಾಡಿದರೆ ಸಾಕಾಗುತ್ತದೆಯೇ?


ಸರಾಸರಿ_ಸಾಕು:

ಇಡೀ ಕ್ಷೇತ್ರದ ಒಂದು ಅಂಕಿಗೆ 400 ಸಾಕು, ಏರುಪೇರು ±5 (ಶೇಕಡಾ ಅಂಶ). ಆದರೆ ನಿಮಗೆ ಬೇಕಾದ್ದು ಜನಾಂಗವಾರು. ಬುಡಕಟ್ಟಿನವರು ಶೇ. 12 ಸಿಕ್ಕರೆ 48 ಜನ, ಏರುಪೇರು ±14. ಅವರಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರನ್ನು ಬೇರೆ ಮಾಡಿದರೆ ಬೆರಳೆಣಿಕೆ. ಹಾಗಾಗಿ ಪ್ರತಿ ಗುಂಪಿಗೆ 150ರಂತೆ ಬೇರೆ ಬೇರೆಯಾಗಿ ಆರಿಸಿ. ಗುಂಪಿನೊಳಗೆ ±8, ಎರಡು ಗುಂಪಿನ ವ್ಯತ್ಯಾಸಕ್ಕೆ ±11. ಕ್ಷೇತ್ರದ ಒಟ್ಟು ಅಂಕಿ ಹೇಳುವಾಗ ಮಾತ್ರ ತೂಕ ಹಾಕಿ ಸರಿಪಡಿಸಿ. ವಯಸ್ಸು ಬರೆದುಕೊಳ್ಳದಿದ್ದರೆ ಎಲ್ಲ ನೀರುಪಾಲು: ಕಡಿಮೆ ಓದಿದವರಲ್ಲಿ ಹಿರಿಯರು ಹೆಚ್ಚು, ನೀವು ವಿದ್ಯೆ ಎಂದುಕೊಂಡದ್ದು ವಯಸ್ಸಾಗಿರುತ್ತದೆ. ಭೂಮಿ ಎಷ್ಟು ಏಕರೆ ಎಂಬುದನ್ನೂ ಬರೆದುಕೊಳ್ಳಿ.


ಪಾರ್ಟ್_ನಂಬರ್:

ಕೇಳುವ ರೀತಿಯಲ್ಲೂ ಎರಡು ಮಾತು. ಯಾರಿಗೆ ಹಾಕಿದಿರಿ ಎಂದು ಬಾಯಲ್ಲಿ ಕೇಳಬೇಡಿ; ಚುನಾವಣಾ ಸಮೀಕ್ಷೆ ನಡೆಸುವ ಲೋಕನೀತಿ ಸಂಸ್ಥೆಯವರು ಮಾಡುವಂತೆ ಗುರುತುಗಳಿರುವ ನಕಲಿ ಮತಪತ್ರ ಕೊಟ್ಟು ಮುದ್ರೆ ಒತ್ತಿಸಿ, ಮಡಿಸಿ ಡಬ್ಬಕ್ಕೆ ಹಾಕಿಸಿ. ಓದಲು ಬಾರದವರಿಗೂ ನಡೆಯುತ್ತದೆ. ಪತ್ರದ ಹಿಂದೆ ಪ್ರಶ್ನಾವಳಿಯ ಕ್ರಮಸಂಖ್ಯೆ ಇರಲಿ, ಇಲ್ಲದಿದ್ದರೆ ಆಮೇಲೆ ಜೋಡಿಸಲು ಆಗದು. ಆದರೆ ಆ ಸಂಖ್ಯೆ ಇರುವುದನ್ನು ಮುಚ್ಚಿಡದೆ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಲೈನ್ ಮನೆಗೆ ಹೋಗುವಾಗ ರೈಟರನ್ನಾಗಲಿ (ತೋಟದ ಗುಮಾಸ್ತ) ಮೇಸ್ತ್ರಿಯನ್ನಾಗಲಿ ಜೊತೆಗೆ ಕರೆದುಕೊಂಡು ಹೋಗಬೇಡಿ, ಗೇಟಿನಲ್ಲಿ ಅನುಮತಿ ಕೇಳಿ ಅವರನ್ನು ಅಲ್ಲೇ ಬಿಡಿ. ಕೆಲಸ ಬಿಟ್ಟ ಮೇಲೆ, ಸಂಜೆ ಐದರಿಂದ ಏಳು ಒಳ್ಳೆಯ ಹೊತ್ತು. ಮತದಾನ ಮೇ 10ರಂಥ ದಿನ ಬಿದ್ದರೆ ರೋಬಸ್ಟಾ ಕೊಯ್ಲಿಗೆ ಬಂದವರು ಆಗಲೇ ಹೊರಟಿರುತ್ತಾರೆ, ಜೂನ್ ಬಂದರೆ ಮಳೆ. ನಿಮಗೆ ಸಿಗುವುದು ಮೂರೇ ವಾರ. ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಎಕ್ಸಿಟ್ ಪೋಲ್ ಮಾಡುವಂತಿಲ್ಲ, ಪ್ರಜಾಪ್ರತಿನಿಧಿ ಕಾಯ್ದೆಯ 126-ಎ ಕಲಮು; ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಪ್ರಬಂಧದಲ್ಲಿ ಹಾಡಿಯ ಹೆಸರು, ಬೂತ್ ಸಂಖ್ಯೆ ಹಾಕಬೇಡಿ. ಫಾರಂ 20 ಬಹುತೇಕ ಸ್ಕ್ಯಾನ್ ಮಾಡಿದ ಹಾಳೆ. ಕೈಯಲ್ಲೇ ಟೈಪ್ ಮಾಡಬೇಕು. ಪ್ರತಿ ಪುಟದ ಅಡ್ಡ ಮೊತ್ತ, ಉದ್ದ ಮೊತ್ತ ಎರಡೂ ಹಾಕಿ ನೋಡಿ. 3 ಮತ್ತು 8 ಒಂದೇ ತರ ಕಾಣುತ್ತವೆ. ಅಡ್ಡ ಮೊತ್ತ 5 ಅಥವಾ 50 ತಪ್ಪಿದರೆ ಮೊದಲು ಅವನ್ನೇ ಹುಡುಕಿ.